ಪಕ್ಕದ ಮನೆ ನಾಯಿ ರಾತ್ರಿ ಮಲಗಲು ಬಿಡುತ್ತಿಲ್ಲವೇ? ದೋಷ ಪತ್ತೆ ಹಚ್ಚುವ ಕ್ರಮ

"ರಾತ್ರಿಯೆಲ್ಲಾ ಬೊಗಳುತ್ತೆ ಸಾರ್, ಏನಾದ್ರೂ ಮಾಡಿ." ವಾಚ್‌ಮನ್ ಹತ್ತಿರ ಹೋದರೂ, ಅಸೋಸಿಯೇಷನ್ ಸೆಕ್ರೆಟರಿ ಹತ್ತಿರ ಹೋದರೂ, ಕೊನೆಗೆ ಪೊಲೀಸ್ ಠಾಣೆ ಮೆಟ್ಟಿಲು ಹತ್ತಿದರೂ ಜನ ಹೇಳುವುದು ಇದೊಂದೇ ಮಾತು. ಇಷ್ಟನ್ನು ಕೇಳಿ ಯಾರೂ ಏನೂ ಮಾಡಲಾಗದು. ನನ್ನದು ಇನ್ವರ್ಟರ್ ರಿಪೇರಿ ಕೆಲಸ. "ಇನ್ವರ್ಟರ್ ಕೆಟ್ಟಿದೆ" ಎಂದು ಫೋನ್ ಬಂದರೆ ನಾನು ಮೊದಲು ಕೇಳುವುದು ಮೂರು ಪ್ರಶ್ನೆ: ಯಾವಾಗಿನಿಂದ? ಕರೆಂಟ್ ಇದ್ದಾಗಲೋ ಹೋದಾಗಲೋ? ಕೆಡುವ ಮುಂಚೆ ಏನಾಯಿತು? ನಾಯಿಯ ವಿಷಯದಲ್ಲೂ ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಇಲ್ಲಿ ಎರಡು ದೋಷಗಳಿವೆ, ಅವನ್ನು ಕಲಸಬೇಡಿ. ಒಂದು, ನಾಯಿಗೆ ಆಗುತ್ತಿರುವ ತೊಂದರೆ. ಅದರ ದುರಸ್ತಿ ನಾಯಿ ಸಾಕಿದವರ ಕೈಯಲ್ಲಿದೆ, ನೀವು ಹುಡುಕಿಕೊಡಬಹುದು ಅಷ್ಟೆ. ಇನ್ನೊಂದು ನಿಮ್ಮ ನಿದ್ದೆಯದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ನಿದ್ದೆಗೆಟ್ಟ ತಲೆಯಲ್ಲಿ ಪಕ್ಕದ ಮನೆ ಗೇಟಿಗೆ ಹೋದರೆ ಜಗಳವೇ ಆಗುವುದರಿಂದ ಎರಡನೆಯದರಿಂದ ಶುರು ಮಾಡುವುದು ಒಳ್ಳೆಯದು.

ಇವತ್ತು ರಾತ್ರಿಯ ಮಟ್ಟಿಗೆ

ಮಲಗುವ ಕೋಣೆ ಬದಲಿಸಿ. ಖರ್ಚಿಲ್ಲದ ಉಪಾಯ, ಆದರೆ ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ನಮ್ಮ 30-40 ಸೈಟುಗಳಲ್ಲಿ ಲೆಕ್ಕ ಹಾಗೆ ಬರುವುದಿಲ್ಲ. ಎರಡು ಮನೆಗಳ ನಡುವಿನ ಮೂರಡಿ ಓಣಿಯಲ್ಲಿ ಸದ್ದು ಆ ಗೋಡೆಗೆ ಈ ಗೋಡೆಗೆ ಬಡಿದು ಮೇಲಿನ ಮಹಡಿಯ ಕಿಟಕಿವರೆಗೂ ಏರುತ್ತದೆ. ಹಾಗಾಗಿ ಆ ಓಣಿಗೆ ಬಾಯಿ ತೆರೆದಿರುವ ಕೋಣೆ ಬಿಟ್ಟು ಮನೆಯ ಇನ್ನೊಂದು ಮಗ್ಗುಲಿಗೆ, ನಡುವೆ ಎರಡು ಗೋಡೆ ಬರುವಂತೆ ಹಾಸಿಗೆ ಹಾಕಿಕೊಳ್ಳಿ. ಹಾಲ್‌ನಲ್ಲಿ ಚಾಪೆಯಾದರೂ ಸರಿ.

ಕೋಣೆ ಬದಲಿಸಲು ಆಗದಿದ್ದರೆ ಕಿಟಕಿ ನೋಡಿ. ದಪ್ಪ ಪರದೆ ತಂದು ಹಾಕಿದರೆ ಸದ್ದು ನಿಲ್ಲುತ್ತದೆ ಎಂದು ಸಾವಿರಾರು ರೂಪಾಯಿ ಸುರಿದವರಿದ್ದಾರೆ. ಪರದೆ ಕೋಣೆಯೊಳಗಿನ ಪ್ರತಿಧ್ವನಿ ತಗ್ಗಿಸುತ್ತದೆ, ಹೊರಗಿನ ಸದ್ದನ್ನು ತಡೆಯುವುದು ಕಡಿಮೆ. ಸದ್ದು ನುಗ್ಗುವುದು ಸಂದಿಯಿಂದ. ರಾತ್ರಿ ಕೋಣೆಯ ದೀಪ ಆರಿಸಿ, ಹೊರಗಿನಿಂದ ಯಾರಾದರೂ ಟಾರ್ಚ್ ಬಿಡಲಿ. ಎಲ್ಲೆಲ್ಲಿ ಬೆಳಕಿನ ಗೆರೆ ಕಾಣುತ್ತದೋ ಅಲ್ಲೆಲ್ಲ ಸದ್ದಿಗೂ ದಾರಿಯಿದೆ. ಸ್ಲೈಡಿಂಗ್ ಕಿಟಕಿಯ ಎರಡು ಬಾಗಿಲು ಒಂದರ ಮೇಲೊಂದು ಬರುವ ಜಾಗ, ಕೆಳಗಿನ ಹಳಿ, ಮೇಲಿನ ವೆಂಟಿಲೇಟರ್, ಏಸಿ ಪೈಪಿನ ತೂತು ಇವೇ ಸಾಮಾನ್ಯವಾಗಿ ಸಿಗುವ ಕಳ್ಳದಾರಿಗಳು. ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ರಬ್ಬರ್ ಪಟ್ಟಿ, ಫೋಮ್ ಟೇಪು ಇದಕ್ಕೆ ಸಾಕು.

ಫ್ಯಾನ್ ಜೋರು ಮಾಡಿ. ಮಲಗಿರುವ ಮಿದುಳು ಸದ್ದಿನ ಪ್ರಮಾಣಕ್ಕಿಂತ ಅದರ ಏರುಪೇರಿಗೆ ಬೇಗ ಎಚ್ಚರಗೊಳ್ಳುತ್ತದೆ. ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಗೊರಕೆ ಹೊಡೆಯುವವರು ನಿಶ್ಶಬ್ದದ ಹಳ್ಳಿಯಲ್ಲಿ ಒಂದು ಕೋಳಿ ಕೂಗಿಗೆ ಏಳುವುದು ಇದಕ್ಕೇ. ಒಂದೇ ಸಮನೆ ಬರುವ ಫ್ಯಾನಿನ ಅಥವಾ ಕೂಲರಿನ ಸದ್ದು ಕೆಳಗಿದ್ದರೆ ಅದರ ಮೇಲೆ ಬರುವ ಬೊಗಳು ಅಷ್ಟು ಚುಚ್ಚುವುದಿಲ್ಲ.

ಕಿವಿಗೆ ಹತ್ತಿ ತುರುಕಿಕೊಂಡರೆ ಹೆಚ್ಚೇನೂ ಆಗದು. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ತೆಗೆದುಕೊಳ್ಳಿ. "ಹಾಕ್ಕೊಂಡೆ, ಏನೂ ಪ್ರಯೋಜನ ಇಲ್ಲ" ಎನ್ನುವವರಲ್ಲಿ ಬಹಳಷ್ಟು ಮಂದಿ ಅದನ್ನು ಕಿವಿಯ ಬಾಯಿಗೆ ಬಿರಡೆಯಂತೆ ಅಂಟಿಸಿಕೊಂಡಿರುತ್ತಾರೆ. ಬೆರಳುಗಳ ನಡುವೆ ಬತ್ತಿಯಷ್ಟು ತೆಳ್ಳಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿ ಹಿಡಿದು ಮೇಲಕ್ಕೂ ಹಿಂದಕ್ಕೂ ಎಳೆಯಬೇಕು. ಆಗ ಕಿವಿಯ ನಾಳ ನೆಟ್ಟಗಾಗುತ್ತದೆ. ಪ್ಲಗ್ ಒಳಗೆ ಸರಿಸಿ, ಅದು ಉಬ್ಬಿ ಕೂರುವ ತನಕ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿದಿರಿ. ನಿಮ್ಮ ಮಾತು ನಿಮಗೇ ಗುಮ್ಮೆಂದು ಕೇಳಿದರೆ ಸರಿಯಾಗಿ ಕೂತಿದೆ. ಕಿವಿ ಸೋರುತ್ತಿದ್ದರೆ ಅಥವಾ ನೋವಿದ್ದರೆ ಇದು ಬೇಡ. ಮನೆಯಲ್ಲಿ ಕೂಸು ಅಥವಾ ಕಾಯಿಲೆಯವರಿದ್ದರೆ ಒಬ್ಬರಾದರೂ ಕಿವಿ ತೆರೆದು ಮಲಗಿ.

ಲಕ್ಷಣ ಬರೆದಿಡುವುದು

ಈಗ ನಾಯಿಯ ವಿಷಯ. ಒಂದು ವಾರ, ಭಾನುವಾರವೂ ಸೇರಿದಂತೆ, ಎಚ್ಚರವಾದಾಗಲೆಲ್ಲ ಒಂದು ಸಾಲು ಬರೆಯಿರಿ. ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತು, ಯಾವ ಥರದ ಸದ್ದು, ಅದಕ್ಕೆ ಸ್ವಲ್ಪ ಮುಂಚೆ ಬೀದಿಯಲ್ಲಿ ಏನಾಯಿತು, ಮನೆಯವರು ಇದ್ದಾರೋ ಇಲ್ಲವೋ, ಮಳೆ ಇತ್ತೋ, ಕರೆಂಟ್ ಇತ್ತೋ. ಹೀಗೆ:

ರಾತ್ರಿ 10:50. ಅವರ ಕಾರು ಹೊರಟಿತು.
11:05. ಕುಂಯ್‌ಗುಟ್ಟಲು ಶುರು. ಆಮೇಲೆ ಊಳು. 11:40ರವರೆಗೆ.
2:10. ಬೀದಿ ನಾಯಿಗಳ ಜಗಳ. ಇದೂ ಬೊಗಳಿತು, ಐದು ನಿಮಿಷ.
3:30. ಒಂಟಿ ಬೊಗಳು, ಬಿಟ್ಟು ಬಿಟ್ಟು. ಕಾರು ಇನ್ನೂ ಬಂದಿಲ್ಲ.
5:15. ಹಾಲಿನ ಗಾಡಿ. ಎರಡು ನಿಮಿಷ.

ಜತೆಗೆ ಫೋನಿನಲ್ಲಿ ಒಂದೆರಡು ನಿಮಿಷದ ರೆಕಾರ್ಡಿಂಗ್. ನಿಮ್ಮ ಕಿಟಕಿಯಿಂದ ಕೇಳುವ ಸದ್ದು ಮಾತ್ರ ಸಾಕು. ಕ್ಯಾಮೆರಾವನ್ನು ಅವರ ಮನೆಯೊಳಕ್ಕೆ ತಿರುಗಿಸಲು ಹೋಗಬೇಡಿ, ಆಮೇಲೆ ಜಗಳ ನಾಯಿಯದ್ದಾಗಿ ಉಳಿಯುವುದಿಲ್ಲ.

ಬರೆದು ನೋಡಿದಾಗ ಮೊದಲು ಆಗುವ ಆಶ್ಚರ್ಯ ಎಂದರೆ "ರಾತ್ರಿಯೆಲ್ಲಾ" ಎನ್ನುವುದು ಸುಳ್ಳಾಗುವುದು. ಮೇಲಿನ ರಾತ್ರಿಯನ್ನೇ ತೆಗೆದುಕೊಂಡರೆ ಅದರಲ್ಲಿ ಮೂರು ಬೇರೆ ಬೇರೆ ಕಾರಣಗಳಿವೆ. ಬೀದಿ ಜಗಳ ಮತ್ತು ಹಾಲಿನ ಗಾಡಿ ನಿಮಿಷಗಳಲ್ಲಿ ಮುಗಿದವು. ಕಾರು ಹೋದ ಮೇಲಿನದು ಮಾತ್ರ ಬೇರೆ ಜಾತಿಯದ್ದು.

ಸದ್ದಿನಲ್ಲಿ ವ್ಯತ್ಯಾಸ

ದಪ್ಪ ದನಿಯಲ್ಲಿ ಒಂದರ ಹಿಂದೊಂದು ಬೇಗಬೇಗ ಬರುವ ಬೊಗಳು ಎಚ್ಚರಿಕೆಯದು: ಯಾರೋ ಬಂದರು, ಏನೋ ಓಡಿತು. ತೆಳು ದನಿಯಲ್ಲಿ ಬಿಟ್ಟು ಬಿಟ್ಟು ಬರುವ ಒಂಟಿ ಬೊಗಳು ಹೆಚ್ಚಾಗಿ ಒಂಟಿತನದ್ದು. ಊಳು ದೂರದವರನ್ನು ಕರೆಯುವ ಸದ್ದು, ಆಂಬುಲೆನ್ಸ್ ಸೈರನ್ನಿಗೂ ಕೆಲವು ನಾಯಿಗಳು ಊಳಿನಲ್ಲೇ ಉತ್ತರ ಕೊಡುತ್ತವೆ. ನಾಯಿ ಊಳಿಟ್ಟರೆ ಬೀದಿಯಲ್ಲಿ ಸಾವು ಎಂದು ನಂಬಿದ ಅಜ್ಜಿ ಮನೆಯಲ್ಲಿದ್ದರೆ ಅವರಿಗೂ ಇದನ್ನು ಹೇಳಿ, ಏಕೆಂದರೆ ಆ ಮನೆಯಲ್ಲಿ ಸದ್ದಿಗಿಂತ ಹೆದರಿಕೆಯೇ ನಿದ್ದೆ ಕೆಡಿಸುತ್ತಿರುತ್ತದೆ. ಕುಂಯ್‌ಗುಟ್ಟುವುದು ಬೇಡಿಕೆಯೂ ಆಗಬಹುದು, ನೋವೂ ಆಗಬಹುದು. ಇದ್ದಕ್ಕಿದ್ದಂತೆ ಕೀರಲು ಕಿರುಚಿ ನಿಂತರೆ ನೋವೆಂದೇ ಹಿಡಿಯಿರಿ.

ಸದ್ದು ಒಂದರಿಂದಲೇ ತೀರ್ಮಾನ ಬೇಡ. ಸದ್ದು ಮತ್ತು ಸಮಯ ಎರಡನ್ನೂ ಕೂಡಿಸಿ ನೋಡಬೇಕು.

ಯಾವ ಲಕ್ಷಣಕ್ಕೆ ಯಾವ ಕಾರಣ

*ಮನೆಯವರು ಹೊರಟ ಅರ್ಧ ಗಂಟೆಯೊಳಗೆ ಶುರು, ಅವರು ಬಂದೊಡನೆ ಬಂದ್.* ಇದು ಅಗಲಿಕೆಯ ಆತಂಕ. ನೈಟ್ ಶಿಫ್ಟಿನವರ ಮನೆ, ವಾರಾಂತ್ಯಕ್ಕೆ ಊರಿಗೆ ಹೋಗುವವರ ಮನೆ, ಹೊಸದಾಗಿ ಬಂದ ನಾಯಿ, ಮನೆ ಬದಲಿಸಿದ ಮೇಲಿನ ಮೊದಲ ತಿಂಗಳುಗಳು ಇದಕ್ಕೆ ಹೆಸರುವಾಸಿ. ಬಾಗಿಲು ಕೆರೆದ ಗುರುತು, ಜೊಲ್ಲು, ಎಲ್ಲೆಂದರಲ್ಲಿ ಉಚ್ಚೆ ಕೂಡ ಇದ್ದರೆ ಅನುಮಾನವೇ ಬೇಡ. ಹಟಮಾರಿತನ ಎಂದು ಹೊಡೆದರೆ ಹೆಚ್ಚುತ್ತದೆ. ನಾಯಿಗೆ ಒಂಟಿಯಾಗಿರಲು ಕೆಲವೇ ಸೆಕೆಂಡುಗಳಿಂದ ಶುರು ಮಾಡಿ ನಿಧಾನವಾಗಿ ಕಲಿಸಬೇಕು. ಹೋಗುವಾಗ ದೊಡ್ಡ ಬೀಳ್ಕೊಡುಗೆ ಬೇಡ. ತೀವ್ರವಾಗಿದ್ದರೆ ಪಶುವೈದ್ಯರು ಫ್ಲೂಯೊಕ್ಸೆಟಿನ್, ಕ್ಲೊಮಿಪ್ರಮಿನ್ ಥರದ ಮಾತ್ರೆ ಬರೆದುಕೊಡುತ್ತಾರೆ, ಆದರೆ ಅದು ಫಲ ಕೊಡಲು ವಾರಗಳು ಬೇಕು. ಅಲ್ಲಿಯವರೆಗೆ ರಾತ್ರಿ ಯಾರಾದರೂ ಜತೆಗಿರುವ ಏರ್ಪಾಡೇ ಗತಿ.

*ರಾತ್ರಿ ಒಂದು ಹೊತ್ತಿಗೆ ಶುರುವಾಗಿ ಬೆಳಗಿನವರೆಗೆ ಆಗಾಗ, ಮನೆಯವರು ಒಳಗೇ ಇದ್ದಾರೆ.* ಚೈನ್ ನೋಡಿ. ಹಗಲು ಗೇಟಿನ ಹತ್ತಿರ ಹಾದುಹೋಗುವಾಗ ಕಣ್ಣು ಹಾಯಿಸಿದರೆ ಸಾಕು. ಪೋರ್ಟಿಕೋದಲ್ಲಿ ಒಂದೇ ಕಡೆ ಕಟ್ಟುವ ನಾಯಿ ಇದ್ದರೆ ಚೈನು ಉಜ್ಜಿ ಉಜ್ಜಿ ನೆಲದ ಮೇಲೆ ಅರ್ಧ ಚಂದ್ರಾಕಾರದ ಗೆರೆ ಮೂಡಿರುತ್ತದೆ. ನಾಯಿಯ ಪ್ರಪಂಚ ಆ ಗೆರೆಯ ಒಳಗೆ. ನೀರಿನ ಬಟ್ಟಲು ಗೆರೆಯ ಆಚೆ ಇದೆಯೇ? ಕಾಲು ತಾಗಿ ಸರಿದು ಆಚೆ ಹೋದ ಬಟ್ಟಲನ್ನು ನಾನು ಕೆಲಸಕ್ಕೆ ಹೋದ ಮನೆಗಳಲ್ಲೇ ಕಂಡಿದ್ದೇನೆ. ಬೆಳಿಗ್ಗೆ ಮನೆಯವರು ಅದನ್ನು ಮತ್ತೆ ಒಳಗೆ ತಳ್ಳುತ್ತಾರೆ, ಹಗಲು ಎಲ್ಲ ಸರಿಯಾಗಿಯೇ ಕಾಣುತ್ತದೆ. ಮಲಗುವ ಜಾಗ ಗೆರೆಯೊಳಗಿನ ಒದ್ದೆ ಟೈಲ್ಸ್ ಮೇಲಿದೆಯೇ? ಸಜ್ಜೆಯ ನೀರು ಅಲ್ಲೇ ಸುರಿಯುತ್ತದೆಯೇ? ಬೆಂಗಳೂರು, ಮೈಸೂರಿನ ಡಿಸೆಂಬರ್ ರಾತ್ರಿಗೆ ಗಿಡ್ಡ ಕೂದಲಿನ ನಾಯಿಗೆ ಗೋಣಿಚೀಲದ ಹಾಸಿಗೆಯೂ ಇಲ್ಲದಿದ್ದರೆ ಅದು ಮಲಗುವುದಾದರೂ ಹೇಗೆ?

ಇದರಲ್ಲೇ ಒಂದು ಉಪಕಾರಣ, ಬಹಳ ಮಾಮೂಲಿ. ಸಂಜೆ ಆರಕ್ಕೆ ಹಾಲನ್ನ ಹಾಕಿ ಕಟ್ಟಿದ ನಾಯಿಗೆ ನಡುರಾತ್ರಿ ಮೂತ್ರಕ್ಕೆ ಅವಸರವಾಗುತ್ತದೆ. ನಾಯಿ ಕೈಲಾದಷ್ಟೂ ತಾನು ಮಲಗುವ ಜಾಗ ಗಲೀಜು ಮಾಡುವುದಿಲ್ಲ, ಬಿಡಿ ಎಂದು ಕರೆಯುತ್ತದೆ. ರಾತ್ರಿ ಹತ್ತೂವರೆಗೆ ಹತ್ತು ನಿಮಿಷ ಹೊರಗೆ ತಿರುಗಾಡಿಸಿ ತಂದರೆ ಈ ದೋಷ ಅಲ್ಲಿಗೇ ಮುಗಿಯುತ್ತದೆ. ಇಡೀ ಕೈಪಿಡಿಯಲ್ಲಿ ಅತಿ ಅಗ್ಗದ ದುರಸ್ತಿ ಇದೇ, ನೆರೆಮನೆಯವರ ಹತ್ತಿರ ಮೊದಲು ಕೇಳಬೇಕಾದದ್ದೂ ಇದನ್ನೇ. ಹಗಲೆಲ್ಲ ಓಡಾಟವಿಲ್ಲದೆ ಬಿದ್ದುಕೊಂಡ ಲ್ಯಾಬ್ರಡಾರ್, ಬೀಗಲ್, ಓಡಲೆಂದೇ ಹುಟ್ಟಿದ ಮುಧೋಳ ನಾಯಿ ಇಂಥವಕ್ಕಂತೂ ಸಂಜೆಯ ನಡಿಗೆ ತಪ್ಪಿದರೆ ರಾತ್ರಿ ನಿದ್ದೆ ಬರುವುದಿಲ್ಲ.

*ಇತ್ತೀಚೆಗೆ ಶುರುವಾಗಿದೆ, ಮುಂಚೆ ಇರಲಿಲ್ಲ, ಹೊತ್ತುಗೊತ್ತಿಲ್ಲ.* ಕಾಯಿಲೆ ಇರಬಹುದು. ಕಿವಿ ಸೋಂಕು ಹತ್ತಿದ ನಾಯಿ ತಲೆ ಒದರುತ್ತಲೇ ಇರುತ್ತದೆ, ಕಿವಿ ಕೆನ್ನೆಗೆ ಪಟಪಟ ಬಡಿಯುವ ಸದ್ದು ರಾತ್ರಿ ಕಾಂಪೌಂಡಿನ ಈಚೆಗೂ ಕೇಳುತ್ತದೆ. ಉಣುಗು, ಚಿಗಟ ಹತ್ತಿದರೆ ಕೆರೆತ. ಉಣುಗಿನಿಂದ ಬರುವ ಜ್ವರ ನಮ್ಮಲ್ಲಿ ಸಾಮಾನ್ಯ, ಬಿಟ್ಟರೆ ಪ್ರಾಣಕ್ಕೇ ಬರುತ್ತದೆ. ಏಳುವಾಗ ಕುಂಟುತ್ತಿದ್ದರೆ ಕೀಲುನೋವು. ಇಲ್ಲಿ ತರಬೇತಿ ಗಿರಬೇತಿ ಏನೂ ಬೇಡ, ನೇರ ಪಶು ಆಸ್ಪತ್ರೆ. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ ಎಂದೂ ಹೇಳಿ: ಐಬುಪ್ರೊಫೆನ್ ನಾಯಿಯ ಹೊಟ್ಟೆ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತದೆ.

*ವಯಸ್ಸಾದ ನಾಯಿ, ಹಗಲೆಲ್ಲ ನಿದ್ದೆ, ರಾತ್ರಿ ಅಲೆದಾಟ.* ಹತ್ತು ವರ್ಷದ ಆಸುಪಾಸಿನ ನಾಯಿಗಳಿಗೆ ಮನುಷ್ಯರ ಮರೆವಿನ ಕಾಯಿಲೆಯಂಥದ್ದೇ ಒಂದು ಬರುತ್ತದೆ. ಹಗಲು ರಾತ್ರಿ ತಲೆಕೆಳಗಾಗುತ್ತದೆ. ಗೋಡೆಗೆ ಮುಖ ಮಾಡಿ ನಿಲ್ಲುತ್ತದೆ, ಮೂಲೆಯಲ್ಲಿ ಸಿಕ್ಕಿಕೊಂಡು ದಾರಿ ತಿಳಿಯದೆ ಅಳುತ್ತದೆ. ಕಣ್ಣು ಕಿವಿ ಮಂದವಾಗಿದ್ದರೆ ಕತ್ತಲೆಯೇ ಹೆದರಿಕೆ. ಮಲಗುವ ಜಾಗದಲ್ಲಿ ಸಣ್ಣ ದೀಪ, ಮನೆಯವರ ವಾಸನೆಯಿರುವ ಹಳೆ ಸೀರೆ, ಹಗಲಿನಲ್ಲಿ ಬಿಸಿಲಿನ ನಡಿಗೆ ಇವಿಷ್ಟರಿಂದಲೇ ಸ್ವಲ್ಪ ಸಮಾಧಾನ ಸಿಗುತ್ತದೆ. ಮದ್ದೂ ಇದೆ, ವೈದ್ಯರು ನೋಡಬೇಕು. ಪೂರ್ತಿ ವಾಸಿಯಾಗುವ ದೋಷ ಇದಲ್ಲ. ಇಲ್ಲಿ ನಿಮ್ಮ ಇಯರ್‌ಪ್ಲಗ್ಗೇ ಹೆಚ್ಚು ಕೆಲಸ ಮಾಡಬೇಕು.

*ಒಂದು ನಿರ್ದಿಷ್ಟ ಸದ್ದಿಗೆ ಮಾತ್ರ.* ಪಟಾಕಿ, ಗುಡುಗು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಒಂದನ್ನು ಹೇಳುತ್ತೇನೆ, ನನ್ನ ಕಸುಬಿನದು. ಮೈಸೂರಿನ ಒಂದು ಮನೆಗೆ ಬ್ಯಾಟರಿ ನೋಡಲು ಹೋಗಿದ್ದೆ. ಮೆಟ್ಟಿಲ ಕೆಳಗೆ ಇನ್ವರ್ಟರ್, ಅದರ ಮಗ್ಗುಲಲ್ಲೇ ಗೋಣಿ ಹಾಸಿ ನಾಯಿಗೆ ಜಾಗ. ಬ್ಯಾಟರಿ ಹಳತಾಗಿತ್ತು, ಕರೆಂಟ್ ಹೋದ ಸ್ವಲ್ಪ ಹೊತ್ತಿಗೆಲ್ಲ ಬಲ ಸೋತು ಕೆಲವು ಸೆಕೆಂಡಿಗೊಮ್ಮೆ ಕೀಂ ಎಂದು ಎಚ್ಚರಿಕೆ ಕೊಡುತ್ತಿತ್ತು. ನಾನು ಮೇನ್ಸ್ ಆಫ್ ಮಾಡಿ ಪರೀಕ್ಷೆಗೆ ಕೂತೆ. ಮೊದಲ ಕೀಂ ಬಂದದ್ದೇ ತಡ, ಅಲ್ಲಿಯವರೆಗೆ ನನ್ನ ಬ್ಯಾಗು ಮೂಸುತ್ತಿದ್ದ ನಾಯಿ ಬಾಲ ಮುದುರಿ ಗೇಟಿನ ಮೂಲೆಗೆ ಓಡಿ ನಡುಗುತ್ತಾ ಊಳಿಡತೊಡಗಿತು. "ಇದೇನ್ ಸಾರ್, ರಾತ್ರಿ ಕರೆಂಟ್ ಹೋದಾಗ್ಲೆಲ್ಲಾ ಪಕ್ಕದ ಮನೆಯೋರು ಬಂದು ಬೈತಾರೆ, ನಾವು ಕತ್ಲಿಗೆ ಹೆದರ್ತಾನೆ ಅನ್ಕೊಂಡಿದ್ವಿ" ಎಂದರು ಮನೆಯ ಯಜಮಾನರು. ನಾಯಿಗೆ 45 ಕಿಲೋಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ, ನಮಗೆ 20ರವರೆಗೆ ಮಾತ್ರ. ಚುರುಕು ಬೀಪು ನಮಗಿಂತ ಅವಕ್ಕೆ ಹೆಚ್ಚು ಕೊರೆಯುತ್ತದೆ. ಬ್ಯಾಟರಿ ಬದಲಾಯಿತು, ಹಾಸಿಗೆಯೂ ಮೆಟ್ಟಿಲ ಕೆಳಗಿನಿಂದ ಬೇರೆ ಕಡೆ ಹೋಯಿತು. ಬರೆದಿಡುವಾಗ ಕರೆಂಟ್ ಇತ್ತೋ ಇಲ್ಲವೋ ಎಂದು ಬರೆಯಿರಿ ಎಂದದ್ದು ಇದಕ್ಕೇ. ಬ್ಯಾಟರಿ ಸೋತ ಹೊಗೆ ಅಲಾರಂ, ಮನೆಯವರಿಲ್ಲದಾಗ ಬಡಿದುಕೊಳ್ಳುವ ಯುಪಿಎಸ್, ಗೂರ್ಖಾನ ಸೀಟಿ ಇವೂ ಇದೇ ಪಟ್ಟಿಗೆ ಸೇರುತ್ತವೆ.

*ದಿನಾ ಒಂದೇ ಹೊತ್ತಿಗೆ, ಕೆಲವೇ ನಿಮಿಷ.* ಹೆಗ್ಗಣ, ಬೆಕ್ಕು, ಪೇಪರ್ ಹುಡುಗ, ಹಾಲು. ಗೇಟಿನ ಸರಳುಗಳಿಗೆ ಒಂದು ಶೀಟು ಹೊಡೆಸಿ ನಾಯಿಗೆ ಬೀದಿ ಕಾಣದಂತೆ ಮಾಡಿದರೆ ಅಥವಾ ನಾಯಿಯನ್ನು ಮನೆಯ ಹಿಂಬದಿಗೆ ಬದಲಿಸಿದರೆ ಮುಗಿಯಿತು. ಬೀದಿ ನಾಯಿಗಳ ಜಗಳವೇ ಮೂಲವಾಗಿದ್ದರೆ ಬೀದಿ ತುದಿಯ ಕಸದ ರಾಶಿಯ ಬಗ್ಗೆ ಮತ್ತು ಸಂತಾನಹರಣದ ಬಗ್ಗೆ ಪಾಲಿಕೆಗೆ ದೂರು ಕೊಡಿ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿ ನಾಯಿಗಳಿಗೆ ಶಸ್ತ್ರಚಿಕಿತ್ಸೆ, ರೇಬೀಸ್ ಲಸಿಕೆ ಮಾಡಿಸುವ ಹೊಣೆ ಸ್ಥಳೀಯ ಸಂಸ್ಥೆಯದು.

*ಕೆಲವು ವಾರ ಜೋರು, ಆಮೇಲೆ ತಾನಾಗಿ ಬಂದ್.* ಬೆದೆಯ ಕಾಲ. ಹೆಣ್ಣು ನಾಯಿಗೆ ಸಾಮಾನ್ಯವಾಗಿ ವರ್ಷಕ್ಕೆರಡು ಸಲ, ಸುಮಾರು ಮೂರು ವಾರ. ಆಪರೇಷನ್ ಮಾಡಿಸುವುದೊಂದೇ ಶಾಶ್ವತ ಪರಿಹಾರ.

ಗೇಟಿನ ಹತ್ತಿರದ ಮಾತು

ರಾತ್ರಿ ಎರಡು ಗಂಟೆಗೆ ಬೆಲ್ ಒತ್ತಬೇಡಿ, ವಾಟ್ಸ್ಆ್ಯಪ್ ಗ್ರೂಪಿನಲ್ಲೂ ಹಾಕಬೇಡಿ. ಹತ್ತು ಜನರ ಮುಂದೆ ಹೇಳಿಸಿಕೊಂಡವರು ದೋಷ ಒಪ್ಪುವುದಿಲ್ಲ. ಭಾನುವಾರ ಬೆಳಿಗ್ಗೆ ಅವರು ಗಿಡಕ್ಕೆ ನೀರು ಹಾಕುವ ಹೊತ್ತು ಹೋಗಿ. ಮಾತು ನಿಮ್ಮ ನಿದ್ದೆಯಿಂದ ಶುರುವಾಗುವುದು ಬೇಡ, ನಾಯಿಯಿಂದ ಶುರುವಾಗಲಿ.

"ಆಂಟಿ, ಬ್ರೂನೋಗೆ ಹುಷಾರಿಲ್ವಾ? ರಾತ್ರಿ ಅಳೋ ಥರ ಕೇಳಿಸ್ತಿತ್ತು."

"ಹೌದಾ? ನಮಗೇನೂ ಕೇಳ್ಸೇ ಇಲ್ವಲ್ಲಪ್ಪ. ನಾವು ಮಲಗೋದು ಮೇಲೆ, ಹಿಂದಿನ ರೂಮಲ್ಲಿ."

"ಅದಕ್ಕೇ ಫೋನಲ್ಲಿ ಹಿಡ್ಕೊಂಡಿದೀನಿ, ಕೇಳಿ. ಸುಮ್ನೆ ಬೊಗಳೋ ಥರ ಇಲ್ಲ ಇದು."

ಇಲ್ಲಿ ಸುಮ್ಮನಿರಿ. ರೆಕಾರ್ಡಿಂಗ್ ಪೂರ್ತಿ ಕೇಳಲಿ. ನಾಯಿ ಸಾಕಿದವರಲ್ಲಿ ಹೆಚ್ಚಿನವರಿಗೆ ತಮ್ಮ ನಾಯಿ ರಾತ್ರಿ ಏನು ಮಾಡುತ್ತದೆಂದು ನಿಜವಾಗಿಯೂ ಗೊತ್ತಿರುವುದಿಲ್ಲ. ಅವರಿಲ್ಲದಾಗ ಅಳುವ ನಾಯಿಯಾದರಂತೂ ಗೊತ್ತಾಗಲು ದಾರಿಯೇ ಇಲ್ಲ. "ಅಯ್ಯೋ, ಇದು ನಮ್ ಬ್ರೂನೋನಾ!" ಎಂಬ ಮಾತು ಬಂದರೆ ನಿಮ್ಮ ಕೆಲಸ ಮುಕ್ಕಾಲು ಆಯಿತು. ಆಮೇಲೆ ಒಂದೇ ಒಂದು ಕೋರಿಕೆ ಇಡಿ, ಪಟ್ಟಿ ಓದಬೇಡಿ. "ರಾತ್ರಿ ಹತ್ತೂವರೆಗೆ ಒಂದ್ ರೌಂಡ್ ಕರ್ಕೊಂಡು ಹೋಗಿ ಬಂದ್ರೆ ಹೇಗೆ?" ಅಷ್ಟೆ.

"ನಾಯಿ ಅಂದ್ಮೇಲೆ ಬೊಗಳುತ್ತೆ ಕಣ್ರೀ" ಎನ್ನುವವರೂ ಸಿಗುತ್ತಾರೆ. ಅವರಿಗೆ ವಾದ ಬೇಡ, ನೀವು ಬರೆದಿಟ್ಟ ಹಾಳೆಯ ಒಂದು ಫೋಟೋ ಕಳಿಸಿ. "ಕಳ್ಳರು ಬರ್ತಾರೆ ಅಂತಲೇ ಸಾಕಿರೋದು" ಎನ್ನುವವರಿಗೆ ಮಾತ್ರ ಒಂದು ಉತ್ತರವಿದೆ: ಎಲ್ಲದಕ್ಕೂ ಬೊಗಳುವ ನಾಯಿ ಕಳ್ಳ ಬಂದಾಗ ಬೊಗಳಿದರೂ ಯಾರೂ ಎದ್ದು ನೋಡುವುದಿಲ್ಲ. ಬಾಡಿಗೆ ಮನೆಯವರ ನಾಯಿಯಾದರೆ ಓನರ್ ಹತ್ತಿರ ಮೊದಲೇ ಹೋಗಬೇಡಿ. ಮನೆ ಖಾಲಿ ಮಾಡಿಸುವ ಮಾತು ಎದ್ದರೆ ನಾಯಿ ಬೀದಿಪಾಲಾಗುವ ಸಂಭವ ಹೆಚ್ಚು, ಆಮೇಲೆ ಅದೇ ನಾಯಿ ಅದೇ ಬೀದಿಯಲ್ಲಿ ಅಳುತ್ತದೆ.

ಕೈ ಹಾಕಬಾರದ ಜಾಗ

ಕಲ್ಲು, ನೀರು, ಪಟಾಕಿ ಎಸೆಯುವುದು ಹೆದರಿದ ನಾಯಿಯನ್ನು ಇನ್ನಷ್ಟು ಹೆದರಿಸುತ್ತದೆ, ಸದ್ದು ಹೆಚ್ಚುತ್ತದೆ. ಬೊಗಳಿದಾಗ ಕಾಂಪೌಂಡ್ ಮೇಲಿಂದ ಬಿಸ್ಕತ್ತು ಎಸೆಯುವುದು ಇನ್ನೂ ಮೋಜಿನ ವಿಚಾರ: ಬೊಗಳಿದರೆ ಬಿಸ್ಕತ್ತು ಬರುತ್ತದೆ ಎಂದು ನೀವೇ ಕಲಿಸಿಕೊಟ್ಟ ಹಾಗೆ. ಆನ್‌ಲೈನಿನಲ್ಲಿ ಮಾರುವ ಅಲ್ಟ್ರಾಸೋನಿಕ್ ಯಂತ್ರದ ಸದ್ದು ಗೋಡೆ ದಾಟುವುದಿಲ್ಲ, ದಾಟಿದರೂ ಆತಂಕದ ನಾಯಿಗೆ ಅದು ಮತ್ತೊಂದು ಆತಂಕ. ಗೇಟು ಹಾರಿ ಚೈನ್ ಬಿಚ್ಚಲು ಹೋಗಬೇಡಿ. ಬೊಗಳೋ ನಾಯಿ ಕಚ್ಚಲ್ಲ ಎಂಬ ಗಾದೆ ನಂಬಿ ಕೈ ಕೊಟ್ಟವರು ಆಸ್ಪತ್ರೆ ಸಾಲಿನಲ್ಲಿ ಸಿಗುತ್ತಾರೆ. ಕಚ್ಚಿದರೆ, ಪರಚಿದರೂ ಸಹ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಲಸಿಕೆಗೆ ಹೋಗಿ.

ವಿಷ ಹಾಕುವ ಯೋಚನೆ ಯಾರ ಬಾಯಲ್ಲಾದರೂ ಬಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ನೆನಪಿಸಿ: ಪ್ರಾಣಿಯನ್ನು ಕೊಂದರೆ, ಅಂಗ ಊನ ಮಾಡಿದರೆ ಐದು ವರ್ಷದವರೆಗೆ ಜೈಲು.

ಮಾತಿಗೆ ಬಗ್ಗದಿದ್ದರೆ

ಕಾನೂನಿನಲ್ಲಿ ದಾರಿಗಳಿವೆ, ಆದರೆ ಯಾವುದೂ ಬಟನ್ ಒತ್ತಿದ ಹಾಗೆ ಕೆಲಸ ಮಾಡುವುದಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್, ಅದಕ್ಕಿಂತ 10 ಡೆಸಿಬೆಲ್ ಮೀರಿದರೆ ದೂರು ಕೊಡಬಹುದು. ಅದು ಸರಾಸರಿ ಲೆಕ್ಕದ ಮಿತಿ, ಬಿಟ್ಟು ಬಿಟ್ಟು ಬರುವ ಬೊಗಳು ಸರಾಸರಿಯಲ್ಲಿ ಎಷ್ಟೋ ಸಲ ಕರಗಿಹೋಗುತ್ತದೆ. ಫೋನ್ ಆ್ಯಪ್ ತೋರಿಸುವ ಅಂಕಿ ನಿಮ್ಮ ಎರಡು ಕೋಣೆಗಳನ್ನು ಹೋಲಿಸಿ ನೋಡಲು ಸರಿ, ಸಾಕ್ಷಿಯಾಗಿ ನಿಲ್ಲುವುದು ಕಷ್ಟ. ನಾಯಿ ಬೊಗಳುತ್ತದೆ ಎಂಬ ಕಾರಣಕ್ಕೆ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದೇ ಮಾರ್ಗಸೂಚಿ ರಾತ್ರಿ ಹೊತ್ತು ನಾಯಿಯನ್ನು ಸುಮ್ಮನಿರಿಸಲು ಪ್ರಯತ್ನಿಸಿ ಎಂದು ಸಾಕಿದವರಿಗೂ ಹೇಳಿದೆ. ಆ ಎರಡನೇ ಸಾಲನ್ನು ಸಭೆಯಲ್ಲಿ ಯಾರೂ ಓದುವುದಿಲ್ಲ, ನೀವು ಓದಿ.

ನಾಯಿಗೇ ಅನ್ಯಾಯವಾಗುತ್ತಿದ್ದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಇದೆ. ಗಿಡ್ಡ ಚೈನಿನಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದು, ಸದಾ ಕಟ್ಟಿದ ನಾಯಿಯನ್ನು ಓಡಾಡಿಸದಿರುವುದು, ಅನ್ನ ನೀರು ನೆರಳು ಕೊಡದಿರುವುದು ಮೂರೂ ಅಪರಾಧ. ಮೊದಲ ಸಲದ ದಂಡ ಮಾತ್ರ ಇಂದಿಗೂ 10ರಿಂದ 50 ರೂಪಾಯಿ, ನಾಯಿ ಬಿಸ್ಕತ್ತಿನ ಪೊಟ್ಟಣಕ್ಕೂ ಸಾಲದು. ಆದರೂ ಪೊಲೀಸರು ಅಥವಾ ಜಿಲ್ಲೆಯ ಪ್ರಾಣಿ ದಯಾ ಸಂಘದವರು ಒಂದು ಸಲ ಬಂದು ಚೈನ್ ನೋಡಿ ಹೋದರೆ ದಂಡಕ್ಕಿಂತ ಹೆಚ್ಚು ಕೆಲಸ ಆಗುತ್ತದೆ. ಮನೆಯವರು ಊರಿಗೆ ಹೋಗಿ ನಾಯಿ ಅನ್ನ ನೀರಿಲ್ಲದೆ ಉಳಿದಿದ್ದರೆ ಕಾಯಬೇಡಿ, 112ಕ್ಕೆ ಕರೆ ಮಾಡಿ. ಬೆಂಗಳೂರಿನಲ್ಲಾದರೆ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಪ್ರಾಣಿ ರಕ್ಷಣಾ ಸಂಸ್ಥೆಗಳೂ ಇವೆ. ನೆರೆಹೊರೆ ಮಾತುಕತೆ ಮುರಿದೇ ಬಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮೊಕದ್ದಮೆಗೆ ಮುಂಚೆಯೇ ರಾಜಿ ಮಾಡಿಸುವ ಏರ್ಪಾಡಿದೆ, ಸಹಾಯವಾಣಿ 15100. ಎಲ್ಲಿಗೆ ಹೋದರೂ ಜತೆಗೆ ಒಯ್ಯಬೇಕಾದದ್ದು ಆ ಒಂದು ವಾರದ ಹಾಳೆ ಮತ್ತು ರೆಕಾರ್ಡಿಂಗ್.

ನಾಯಿ ಸುಮ್ಮನಾಯಿತು, ನಿದ್ದೆ ಮಾತ್ರ ಬರುತ್ತಿಲ್ಲ

ಇದು ಆಗುತ್ತದೆ. ನಾಯಿಯ ದುರಸ್ತಿಯೂ ಒಂದೇ ರಾತ್ರಿಯಲ್ಲಿ ಮುಗಿಯುವುದಿಲ್ಲ. ಬೊಗಳಿದಾಗ ಬಂದು ಮುದ್ದು ಮಾಡುವುದನ್ನು ಮನೆಯವರು ನಿಲ್ಲಿಸಿದರೆ ಮೊದಲ ಕೆಲವು ರಾತ್ರಿ ಸದ್ದು ಇನ್ನೂ ಜೋರಾಗಿ ಆಮೇಲೆ ಇಳಿಯುವುದುಂಟು. ಹಾಳೆ ಬರೆಯುವುದನ್ನು ಇನ್ನೆರಡು ವಾರ ಮುಂದುವರಿಸಿ. ಆದರೆ ಹಾಳೆ ಖಾಲಿ ಇದ್ದರೂ ಎರಡು ಗಂಟೆಗೆ ಎಚ್ಚರವಾಗುತ್ತಿದ್ದರೆ ದೋಷ ಈಗ ನಿಮ್ಮ ಕಡೆಗೆ ಬಂದಿದೆ. ಆ ಹೊತ್ತಿಗೆ ಏಳುವುದು ಮೈಗೆ ರೂಢಿಯಾಗಿದೆ, ಎದ್ದು "ಈಗ ಬೊಗಳುತ್ತೆ" ಎಂದು ಕಾಯುತ್ತಾ ಮಲಗುತ್ತೀರಿ.

ಗಡಿಯಾರ ನೋಡಬೇಡಿ. ಇಪ್ಪತ್ತು ನಿಮಿಷವಾಯಿತು ಎನ್ನಿಸಿದರೆ ಹಾಸಿಗೆ ಬಿಟ್ಟು ಎದ್ದು ಮಂದ ಬೆಳಕಿನಲ್ಲಿ ಏನಾದರೂ ಬೇಸರದ ಕೆಲಸ ಮಾಡಿ, ಬಟ್ಟೆ ಮಡಿಸಿ. ಕಣ್ಣು ಎಳೆದಾಗ ಮಾತ್ರ ಮತ್ತೆ ಹಾಸಿಗೆ. ಎಷ್ಟೇ ನಿದ್ದೆಗೆಟ್ಟಿದ್ದರೂ ಬೆಳಿಗ್ಗೆ ಏಳುವ ಹೊತ್ತು ಬದಲಿಸಬೇಡಿ. ಮಧ್ಯಾಹ್ನದ ಉದ್ದ ನಿದ್ದೆ ರಾತ್ರಿಯ ಪಾಲನ್ನು ತಿನ್ನುತ್ತದೆ. ಸಂಜೆ ಐದರ ಫಿಲ್ಟರ್ ಕಾಫಿಯ ಅರ್ಧ ಪಾಲು ಕೆಫೀನ್ ರಾತ್ರಿ ಹತ್ತಕ್ಕೂ ರಕ್ತದಲ್ಲೇ ಇರುತ್ತದೆ, ಕಾಫಿ ಮಧ್ಯಾಹ್ನದೊಳಗೆ ಮುಗಿಸಿ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಹೀಗೇ ಇದ್ದರೆ ಅದು ನಿದ್ರಾಹೀನತೆಯ ಕಾಯಿಲೆ, ವೈದ್ಯರನ್ನು ಕಾಣಲೇಬೇಕು. ನಿದ್ದೆಯ ರೂಢಿಯನ್ನೇ ತಿದ್ದುವ ಮಾತಿನ ಚಿಕಿತ್ಸೆ ಇದೆ, ಮಾತ್ರೆಗಿಂತ ಮುಂಚೆ ಅದನ್ನೇ ಹೇಳುತ್ತಾರೆ. ಸಿಟ್ಟು, ಆತಂಕ ತಡೆಯಲಾಗದಷ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಪರಿಚಯದ ಮೆಡಿಕಲ್ ಸ್ಟೋರಿನವರು ನಿದ್ದೆಗೆಂದು ಚೀಟಿಯಿಲ್ಲದೆ ಕೊಡುವ ಆಲ್‌ಪ್ರಜೋಲಮ್ ಎಂಬ ಆತಂಕದ ಮಾತ್ರೆಯಂತೂ ಬೇಡ. ಅದು ಚಟವಾಗುತ್ತದೆ, ಬಿಟ್ಟಾಗ ನಿದ್ದೆ ಇನ್ನೂ ಕೆಡುತ್ತದೆ.